ಹೊಲ ಕಾಯಲು ಬಂದವರು

ನಮ್ಮ ಸೀಮೆಯವರ ರಕ್ತ ಬಿಸಿ ಎನ್ನುತ್ತಾರೆ. ಬೆಂಗಳೂರಿನವರು ಅನ್ನುತ್ತಾರೆ, ಹೈದರಾಬಾದಿನವರು ಅನ್ನುತ್ತಾರೆ, ಸಿನಿಮಾದವರಂತೂ ಆ ಮಾತಿನ ಮೇಲೆಯೇ ಬದುಕುತ್ತಾರೆ. ಅವರೆಲ್ಲ ಅಂದದ್ದನ್ನು ಕೇಳಿ ಕೇಳಿ ಈಗ ನಮ್ಮವರೇ ಮೀಸೆಯ ಮೇಲೆ ಕೈಯಾಡಿಸುತ್ತ ಹಾಗನ್ನತೊಡಗಿದ್ದಾರೆ. ನಾನು ಆದೋನಿ ಕಡೆಯವಳು ಎಂದದ್ದೇ ತಡ, ಹಾಸ್ಟೆಲ್ಲಿನ ಗೆಳತಿಯೊಬ್ಬಳು ತಟ್ಟೆ ಕೆಳಗಿಟ್ಟು ಕೇಳಿದಳು: “ನಿಮ್ಮನೇಲಿ ಬಾಂಬು ಎಲ್ಲಿಡ್ತಾರೆ ಕಣೇ?”

“ಫ್ರಿಜ್ಜಲ್ಲಿ,” ಎಂದೆ. ಪಾಪ, ನಂಬಿದಳು.

ನಾನು ಚರ್ಚಾಸ್ಪರ್ಧೆಗಳಲ್ಲಿ ಬೆಳೆದವಳು. ತೆಲುಗಿನಲ್ಲಿ, ಇಂಗ್ಲಿಷಿನಲ್ಲಿ, ಕರೆದರೆ ಬಳ್ಳಾರಿಗೂ ಹೋಗಿ ಕನ್ನಡದಲ್ಲಿ ಜಗಳವಾಡಿ ಬಂದವಳು. ಯಾರಾದರೂ ಒಂದು ಮಾತು ಹೇಳಿದರೆ ಪುರಾವೆ ಎಲ್ಲಿ ಎಂದು ಕೇಳದೆ ನನಗೆ ಅನ್ನ ಇಳಿಯುವುದಿಲ್ಲ. ರಕ್ತ ಬಿಸಿ ಎಂದರೆ ಎಲ್ಲಿಂದ ಎಲ್ಲಿಯವರೆಗೆ ಬಿಸಿ? ನಮ್ಮ ಅಜ್ಜ ಹುಟ್ಟಿದಾಗ ಆದೋನಿ ಬಳ್ಳಾರಿ ಜಿಲ್ಲೆಯ ತಾಲೂಕು. ಆಮೇಲೆ ನಡುವೆ ರಾಜ್ಯದ ಗೆರೆ ಬಿತ್ತು, ಬಳ್ಳಾರಿ ಕನ್ನಡದ ಕಡೆ, ಆದೋನಿ ತೆಲುಗಿನ ಕಡೆ. ಗೆರೆಯ ಆ ಕಡೆ ಉಳಿದ ನಮ್ಮ ಸೋದರತ್ತೆಯ ಮಕ್ಕಳ ರಕ್ತ ತಣ್ಣಗಾಯಿತೇ, ಈ ಕಡೆ ಉಳಿದ ನಮ್ಮದು ಕುದಿಯುತ್ತಲೇ ಇದೆಯೇ? ಬಿಸಿ ರಕ್ತದ ಮಾತು ವಾದವಲ್ಲ, ಹರಟೆ.

ನನ್ನ ದೊಡ್ಡಪ್ಪನ ಕಥೆ ಬೇರೆ. ಆತ ಹತ್ತಿ ವ್ಯಾಪಾರಿ. ಆದೋನಿಯಲ್ಲಿ ಜಿನ್ನಿಂಗ್ ಮಿಲ್ಲು, ಹೊಳಗುಂದದ ಕಡೆ ನಮ್ಮ ಊರಿನಲ್ಲಿ ಹೊಲ, ಊರ ಕಟ್ಟೆಯ ಮೇಲೆ ಕೊನೆಯ ಮಾತು. ಹಣೆಗೆ ವಿಭೂತಿ ಇಲ್ಲದೆ ಹೊರಗೆ ಬರುವವನಲ್ಲ, ದನಿ ಏರಿಸುವವನೂ ಅಲ್ಲ. ಆತನ ಇತಿಹಾಸ ಹೀಗೆ: “ಪಾಳೇಗಾರರು ಒಬ್ಬರನ್ನೊಬ್ಬರು ಕಡಕೊಂಡು ಸಾಯ್ತಿದ್ರು. ಬಿಳಿ ಕಲೆಕ್ಟರ್ ಬಂದ. ಕತ್ತಿ ಕಸಗೊಂಡ, ಹೊಲ ಅಳೆದ, ಕಲ್ಲು ನೆಟ್ಟ. ಮಂದಿ ನಿದ್ದಿ ಮಾಡಿದ್ರು. ಅಷ್ಟ.”

ಅಂದರೆ, ಜಗಳವಾಡುವ ಮಂದಿ ಮೊದಲಿನಿಂದ ಇದ್ದರು, ಕಾಯುವವನೊಬ್ಬ ಹೊರಗಿನಿಂದ ಬಂದ, ಶಾಂತಿಯಾಯಿತು. ಎರಡೂ ಕಥೆಗಳಲ್ಲಿ ತಪ್ಪು ನಮ್ಮದೇ. ನಾನು ಎರಡನ್ನೂ ಒಪ್ಪುವುದಿಲ್ಲ. ಇಂಥ ಶಾಂತಿಯೊಂದು ಹೇಗೆ ಆಗುತ್ತದೆ ಎಂಬುದನ್ನು, ನನ್ನ ಮನೆಯವರೇ ಅದನ್ನು ಮಾಡಿದ್ದರಿಂದ, ನಾನು ಹತ್ತಿರದಿಂದ ನೋಡಿದ್ದೇನೆ.

ನಮ್ಮೂರಲ್ಲಿ ಒಂದು ಪದ್ಧತಿಯಿದೆ. ಹೊಲಕ್ಕಾಗಿ ಇಬ್ಬರು ಬಡಿದಾಡಿದರೆ ಊರ ಹಿರಿಯನೊಬ್ಬ ಹೋಗಿ ಆ ಹೊಲದ ನಡುವೆ ಬೇವಿನ ಕೊಂಬೆ ನೆಡುತ್ತಾನೆ. ಕೊಂಬೆ ನಿಂತಿರುವವರೆಗೆ ಇಬ್ಬರೂ ಒಳಗೆ ಕಾಲಿಡುವಂತಿಲ್ಲ. ಸಿಟ್ಟು ಇಳಿದು ರಾಜಿಯಾದ ದಿನ ಇಬ್ಬರೂ ಕೂಡಿ ಬಂದು ಹಿರಿಯನ ಮುಂದೆ ತೆಂಗಿನಕಾಯಿ ಇಡುತ್ತಾರೆ, ಆತ ಎದ್ದು ಹೋಗಿ ಕೊಂಬೆ ಕೀಳುತ್ತಾನೆ. ನೆಟ್ಟ ಕೈಯೇ ಕೀಳಬೇಕು. ಬೇರೆ ಕೈ ಮುಟ್ಟಿದರೆ ಆ ಮನೆಯ ದೀಪ ಆರುತ್ತದೆ ಎಂದು ನಂಬಿಕೆ. ಒಳ್ಳೆಯ ಪದ್ಧತಿಯೇ, ಎಷ್ಟೋ ತಲೆಗಳನ್ನು ಉಳಿಸಿದೆ. ಆದರೆ ನೆಟ್ಟವನು ಕೀಳುವುದಿಲ್ಲ ಎಂದರೆ ಏನು ಮಾಡಬೇಕು? ಅದಕ್ಕೆ ಪದ್ಧತಿಯಲ್ಲಿ ಉತ್ತರವಿಲ್ಲ. ಯಾರೂ ಕೇಳಿರಲಿಲ್ಲ.

ನಮ್ಮ ಹೊಲಕ್ಕೆ ಹೊಂದಿಕೊಂಡೇ ಇಬ್ಬರು ಅಣ್ಣತಮ್ಮಂದಿರ ಹೊಲ. ಅಪ್ಪ ತೀರಿಕೊಂಡ ಮೇಲೆ ನೆಲವನ್ನು ಪಾಲು ಮಾಡಿಕೊಂಡರು. ನಡುವಿನ ಬಾವಿಯನ್ನು ಪಾಲು ಮಾಡಲು ಬರಲಿಲ್ಲ. ಸುತ್ತ ಎಲ್ಲ ಮಳೆ ನಂಬಿದ ಹೊಲಗಳು, ನಮ್ಮದೂ ಸೇರಿ. ಬೇಸಗೆಯಲ್ಲೂ ನೀರಿರುವುದು ಆ ಬಾವಿಯೊಂದರಲ್ಲೇ.

ಮೊದಲ ಹತ್ತಿ ಒಡೆದಿದ್ದ ಹೊತ್ತು. ನಾನು ಓದು ಮುಗಿಸಿ ಮನೆಯಲ್ಲಿದ್ದೆ. ದೊಡ್ಡಪ್ಪನ ಜೀಪಿನಲ್ಲಿ ಹೊಲಕ್ಕೆ ಹೋಗುವಾಗಲೇ ಕೂಗು ಕೇಳಿತು. ಅಣ್ಣ ಮೋಟಾರಿನ ಡಬ್ಬಿಗೆ ಬೀಗ ಹಾಕಿದ್ದ, ತಮ್ಮ ಅದನ್ನು ಕಲ್ಲಿನಿಂದ ಒಡೆದಿದ್ದ. ನಾವು ತಲುಪಿದಾಗ ಅಣ್ಣನ ಕೈಯಲ್ಲಿ ಸಲಿಕೆ. ಮೊದಲ ಏಟು ಭುಜಕ್ಕೆ ಬಿತ್ತು, ಎರಡನೆಯದು ಕಿವಿಯನ್ನು ಹರಿಯಿತು. ತಮ್ಮ ಮಂಡಿಯೂರಿ ಕೂತ. ಕೂತಲ್ಲಿಂದಲೇ ಪಕ್ಕದ ಗಿಡದ ಹತ್ತಿ ಕಿತ್ತು ಕಿವಿಗೆ ಒತ್ತಿಕೊಂಡ. ಅದು ಕೆಂಪಾದಂತೆ ಬಿಸಾಡಿ ಇನ್ನೊಂದು ಕಿತ್ತ. ಅಷ್ಟರಲ್ಲಿ ತಮ್ಮನ ಹೆಂಡತಿ ಹಿಂದಿನಿಂದ ಬಂದು ಭಾವನ ಮುಂಗೈಗೆ ಬಾಯಿ ಹಾಕಿದಳು. ಗೋನೆಗಂಡ್ಲದ ಹೆಣ್ಣು, ತೆಳ್ಳಗೆ, ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಆತ ಅವಳ ತಲೆಗೆ ಎಡಗೈಯಿಂದ ಗುದ್ದಿದ, ಗುದ್ದಿದ, ಅವಳು ಬಿಡಲಿಲ್ಲ.

ದೊಡ್ಡಪ್ಪ ಜೀಪಿನಿಂದ ಇಳಿದು ಎರಡು ಸಲ ಚಪ್ಪಾಳೆ ತಟ್ಟಿದ. ಅಷ್ಟೇ. ಬಡಿದಾಟ ನಿಂತಿತು.

ತಮ್ಮ ತೆವಳಿಕೊಂಡು ಬಂದು ಆತನ ಪಾದ ಹಿಡಿದ. “ನೀವ ಕಾಯಬೇಕ್ರೀ ಸಾವ್ಕಾರ್ರ. ಇಲ್ಲಂದ್ರ ಈತ ನನ್ನ ಇಲ್ಲೇ ಹೂಳ್ತಾನ.”

ಅಣ್ಣ ಕೈ ಮುಂದೆ ಚಾಚಿ ಹಲ್ಲಿನ ಗುರುತು ತೋರಿಸಿದ. “ನನಗೇನು ಕಮ್ಮಿ ಭಯ ಐತೇನ್ರೀ? ನೋಡ್ರಿ, ನಾಯಿ ಸೂಜಿ ಮಾಡಿಸ್ಕೋಬೇಕು ನಾನು.”

“ಸೂಜಿ ಇಬ್ರೂ ಮಾಡಿಸ್ಕೊಳ್ರಿ,” ಎಂದು ದೊಡ್ಡಪ್ಪ ನಕ್ಕ. ಬದುವಿನ ಬೇವಿನ ಮರದಿಂದ ಕೊಂಬೆ ಮುರಿಸಿ ತರಿಸಿದ. ಬಾವಿಯ ಪಕ್ಕದಲ್ಲಿ ನೆಟ್ಟು, ಬುಡಕ್ಕೆ ಚೆಂಬು ನೀರು ಹಾಕಿದ. ಇಬ್ಬರೂ ಕೈ ಮುಗಿದರು. ಆಗ ನನಗೂ ಸಮಾಧಾನವೇ ಆಯಿತು, ಸುಳ್ಳು ಯಾಕೆ?

ಮರುದಿನ ಮಿಲ್ಲಿನಿಂದ ಆಳುಗಳು ಬಂದರು. ಮಿಲ್ಲಿನ ಗೇಟು ಕಾಯುತ್ತಿದ್ದ ಉದ್ದನೆಯವನೊಬ್ಬ ಅವರಿಗೆ ಮುಖ್ಯಸ್ಥ. ಎಲ್ಲರೂ ಅವನನ್ನು ಗೇಟಿನವನು ಎಂದೇ ಕರೆಯುತ್ತಿದ್ದರು. ಎಲ್ಲರ ಕೈಯಲ್ಲೂ ತುದಿಗೆ ಕಬ್ಬಿಣದ ಬಳೆ ಹಾಕಿದ, ಎಣ್ಣೆ ಕುಡಿಸಿದ ಬಡಿಗೆಗಳು. ಕೊಂಬೆಯನ್ನು ಕಾಯಲು ಮಂದಿ ಇಟ್ಟದ್ದು ನಮ್ಮೂರಲ್ಲಿ ಅದೇ ಮೊದಲು.

“ಕೊಂಬಿ ಸಾಕಲ್ಲ ದೊಡ್ಡಪ್ಪ, ಮಂದಿ ಯಾಕ?” ಎಂದೆ.

“ಕಾಲ ಕೆಟ್ಟೈತವ್ವ. ಬರೀ ಕೊಂಬಿಗೆ ಯಾರು ಹೆದರ್ತಾರ?”

ಕಾಯುವವರಿಗೆ ಊಟ ಬೇಕಲ್ಲ. ಕಾಯಿಸಿಕೊಳ್ಳುವವರೇ ಹಾಕಬೇಕು. ಅಣ್ಣನ ಮನೆಯಿಂದ ರೊಟ್ಟಿ, ತಮ್ಮನ ಮನೆಯಿಂದ ಪಲ್ಯ. ಕೆಲವು ದಿನಗಳಲ್ಲಿ ಪಲ್ಯ ಸಪ್ಪೆಯಾಯಿತು, ಕೋಳಿ ಬೇಕಾಯಿತು. ತಮ್ಮನ ಮನೆಯ ಕೋಳಿಗಳು ಮುಗಿದ ಮೇಲೆ ಅಣ್ಣನ ಮನೆಯವು. ಬಾವಿಯ ಪಕ್ಕ ತಗಡಿನ ಶೆಡ್ಡು ಎದ್ದಿತು. ಹತ್ತಿ ಒಡೆದು ಗಿಡದಲ್ಲೇ ನಿಂತಿತ್ತು. ಬಿಟ್ಟರೆ ಗಾಳಿಗೆ ಹೋಗುತ್ತದೆ ಎಂದು ಕಾವಲಿನವರೇ ಕೂಲಿಗಳನ್ನು ಕರೆಸಿ ಬಿಡಿಸಿ ನಮ್ಮ ಮಿಲ್ಲಿಗೆ ಸಾಗಿಸಿದರು. ಕೇಳಲು ಬಂದವರಿಗೆ, ಕಾವಲಿನ ಖರ್ಚಿಗೆ ಸರಿಹೋಯಿತು ಎಂದು ಗೇಟಿನವನು ಹೇಳಿದ. ಬಾವಿ ಸುಮ್ಮನೆ ಕೂತರೆ ಹೂಳು ತುಂಬುತ್ತದೆ ಎಂದು ಒಂದು ದಿನ ಅಲ್ಲಿಂದ ನಮ್ಮ ಹೊಲಕ್ಕೆ ಪೈಪು ಬಂತು. ನಮ್ಮ ಹೊಲದಲ್ಲಿ ಆ ವರ್ಷ ಮೊದಲ ಬಾರಿಗೆ ಚಳಿಗಾಲದ ಶೇಂಗಾ ಹಸಿರಾಗಿ ನಿಂತಿತು.

ನನ್ನ ತಲೆಯಲ್ಲಿ ಗಂಟೆ ಬಡಿದದ್ದು ಈ ಪೈಪು ನೋಡಿದಾಗ. ಈ ಕಥೆಯನ್ನು ನಾನು ಓದಿದ್ದೆ. ನಮ್ಮ ಸೀಮೆಗೆ ಹಿಂದೆ ದತ್ತ ಮಂಡಲ ಎಂಬ ಹೆಸರಿತ್ತು, ಅಂದರೆ ಕೊಟ್ಟುಬಿಟ್ಟ ಜಿಲ್ಲೆಗಳು. ಹೈದರಾಬಾದಿನ ನಿಜಾಮನಿಗೆ ಸುತ್ತಲಿನವರ ಭಯ. ಕಾಯಲು ಇಂಗ್ಲಿಷ್ ಕಂಪನಿಯ ಸೈನ್ಯ ಇಟ್ಟುಕೊಂಡ. ಆ ಸೈನ್ಯಕ್ಕೆ ಅನ್ನ ಹಾಕಬೇಕಲ್ಲ. ಅದರ ಬಾಬತ್ತಿಗೆ ನಮ್ಮನ್ನು ಬರೆದುಕೊಟ್ಟ: ಬಳ್ಳಾರಿ, ಆದೋನಿ, ಕಡಪ, ಬಾವಿ, ಬಂಡೆ, ಎತ್ತು, ಮಂದಿ. ಕತ್ತಿ ಹಿಡಿದು ಯಾರೂ ನಮ್ಮನ್ನು ಗೆಲ್ಲಲಿಲ್ಲ. ಊಟದ ಲೆಕ್ಕದಲ್ಲಿ ಹೋದೆವು. ಆಮೇಲೆ ಬಿಳಿ ಕಲೆಕ್ಟರ್ ಪಾಳೇಗಾರರನ್ನು ಮುರಿದ. ಅವರ ಹಿಂದಿದ್ದ ಬಡಿಗೆಯ ಮಂದಿ ಯಜಮಾನನಿಲ್ಲದೆ ಉಳಿದರು, ಯಾರು ಅನ್ನ ಹಾಕಿದರೋ ಅವರ ಹಿಂದೆ ನಿಂತರು. ಇದು ನನ್ನ ವಾದ, ಸಾಬೀತಾಗಿದೆ ಎನ್ನುವುದಿಲ್ಲ. ಆದರೆ ಬಿಸಿ ರಕ್ತಕ್ಕಿಂತ ಇದಕ್ಕೆ ಹೆಚ್ಚು ಪುರಾವೆಯಿದೆ.

ಊಟಕ್ಕೆ ಕೂತಾಗ ಇದನ್ನೇ ತೆಗೆದೆ. ಟಿವಿಯಲ್ಲಿ ಗ್ರೀನ್‌ಲ್ಯಾಂಡಿನ ಸುದ್ದಿ ಓಡುತ್ತಿತ್ತು. ಆ ದ್ವೀಪ ತಮಗೆ ಬೇಕೇ ಬೇಕು ಎಂದು ಅಮೆರಿಕದ ದೊಡ್ಡವರು ಹೇಳುತ್ತಿದ್ದರು. ದೊಡ್ಡಪ್ಪ ರೊಟ್ಟಿ ಮುರಿಯುತ್ತ ಮೆಚ್ಚಿಕೊಂಡ. “ನೋಡು, ಹಿಂಗಿರಬೇಕು. ಬ್ಯಾರೆಯವರು ಹಾಕ್ಕೊಳ್ಳೋಕಿಂತ ಮೊದಲ ನಾನ ಕಾಯ್ತೀನಿ ಅಂತಾನ. ಮುಚ್ಚುಮರಿ ಇಲ್ಲ.”

“ಕಾಯ್ರಿ ಅಂತ ಅಲ್ಲಿಯವರು ಕರೆದಾರೇನು?”

“ಕರೆಯೋ ತನಕ ಕುಂತ್ರ ಹೊಲ ಉಳೀತೈತೇನು?”

“ಉಕ್ರೇನಿಗೆ ಹೋದ ರಷ್ಯಾದವ್ರೂ ಹಂಗ ಅಂದ್ರು. ನಮ್ಮ ಭಾಷಿ ಮಾತಾಡೋರನ್ನ ಕಾಯಾಕ ಹೋಗೀವಿ ಅಂದ್ರು. ಈಗ ನೋಡ್ರಿ, ಕಾಯಿಸ್ಕೊಂಡ ಊರಾಗ ಗೋಡಿ ಉಳಿದಿಲ್ಲ. ನಾಳೆ ಕನ್ನಡ ಮಾತಾಡೋರನ್ನ ಕಾಯ್ತೀವಿ ಅಂತ ಬಳ್ಳಾರಿಯಿಂದ ಟ್ಯಾಂಕು ಬಂದ್ರ ನೀವು ಆರತಿ ಎತ್ತೀರೇನು?”

“ಟ್ಯಾಂಕು ಬ್ಯಾಡವ್ವ, ಬಳ್ಳಾರಿ ಬಸ್ಸು ಟೈಮಿಗೆ ಬಂದ್ರ ಸಾಕು,” ಎಂದ. ಬಡಿಸುತ್ತಿದ್ದ ದೊಡ್ಡವ್ವನೂ ನಕ್ಕುಬಿಟ್ಟಳು. ಚರ್ಚೆಯಲ್ಲಿ ಹೀಗೆ ನಗಿಸುವ ಎದುರಾಳಿ ಅಪಾಯಕಾರಿ; ಸಭೆ ಅವನ ಕಡೆ ಹೋಗುತ್ತದೆ.

ನಾನು ನಿಜಾಮನ ಕಥೆ ಹೇಳಿದೆ. ಶೆಡ್ಡು, ಕೋಳಿ, ಹತ್ತಿ, ಪೈಪು, ಒಂದೊಂದಕ್ಕೂ ಹೊಂದಿಸಿ ಹೇಳಿದೆ. ಆತ ಪೂರ್ತಿ ಕೇಳಿದ. ಮಧ್ಯೆ ಬಾಯಿ ಹಾಕಲಿಲ್ಲ.

“ಮುಗೀತೇನು ನಿನ್ನ ಭಾಷಣ? ಈಗ ನಾ ಕೇಳ್ತೀನಿ. ನಾ ಅವತ್ತು ಚಪ್ಪಾಳಿ ತಟ್ಟದಿದ್ರ ಎಷ್ಟು ಹೆಣ ಬೀಳ್ತಿದ್ವು?”

“ಒಂದು. ಎರಡೂ ಆಗಬಹುದಿತ್ತು.”

“ಈಗ ಎಷ್ಟು?”

“ಒಂದೂ ಇಲ್ಲ.”

“ಮತ್ತ?”

“ಹೆಣ ಬೀಳಲಿಲ್ಲ ಅಂತ ಹೊಲ ನಿಮ್ಮದು ಆಗ್ತೈತೇನು?”

ಆತ ಕೈ ತೊಳೆದು ಬಂದು ಗೋಡೆಗೆ ಒರಗಿದ. “ಕಾಲೇಜಿನಾಗ ನೀ ಬಹುಮಾನ ತಗೊಂಡೆಲ್ಲ, ಸಾಮ್ರಾಜ್ಯದ ಕಾಲ ಮುಗಿದೈತಿ ಅಂತ. ಈಗ ಮತ್ತ ಬರ್ತೈತಿ ಅಂತ ಅಂಜ್ತೀ. ಹೋಗಿದ್ದು ಯಾವಾಗವ್ವ? ದೊಡ್ಡವರು ಸಣ್ಣವರನ್ನ ಕಾಯ್ತಾರ, ಸಣ್ಣವರು ದೊಡ್ಡವರಿಗೆ ಉಣ್ಣಾಕ ಹಾಕ್ತಾರ. ನಡುವ ಸ್ವಲ್ಪ ದಿನ ಎಲ್ಲರಿಗೂ ನಾಚಿಕಿ ಬಂದಿತ್ತು. ಈಗ ನಾಚಿಕಿ ಹೋತು. ಅಷ್ಟ.”

ಆ ಸ್ಪರ್ಧೆಯಲ್ಲಿ ಚೀಟಿ ಎತ್ತಿದಾಗ ನನಗೆ ಬಂದಿದ್ದು ‘ಮುಗಿದಿದೆ’ ಎಂಬ ಪಕ್ಷ. ಎದುರು ಪಕ್ಷದವರು ಯಾರೂ ಇಷ್ಟು ಚೆನ್ನಾಗಿ ಮಾತಾಡಿರಲಿಲ್ಲ. ತೀರ್ಪುಗಾರರು ನನ್ನ ದೊಡ್ಡಪ್ಪನ ಮಾತು ಕೇಳಿದ್ದರೆ ಬಹುಮಾನದ ಕಪ್ಪು ಆತನಿಗೇ ಹೋಗುತ್ತಿತ್ತು. ಆದರೆ ನಾಚಿಕೆ ಹೋಯಿತು ಎಂಬುದು ಒಂದು ಸಂಗತಿ, ಸಮರ್ಥನೆಯಲ್ಲ. ಅದನ್ನು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಆತ ಚಾನೆಲ್ ಬದಲಿಸಿದ್ದ.

ಇತ್ತ ಅಣ್ಣತಮ್ಮಂದಿರು ದಿನಾ ಮಧ್ಯಾಹ್ನ ಕಾವಲಿನವರಿಗೆ ಬುತ್ತಿ ತರುತ್ತಿದ್ದರು. ಒಬ್ಬ ರೊಟ್ಟಿಯ ಗಂಟು ಹಿಡಿದು ಆ ಕಡೆಯಿಂದ, ಇನ್ನೊಬ್ಬ ಸಾರಿನ ಕ್ಯಾನು ಹಿಡಿದು ಈ ಕಡೆಯಿಂದ. ತಮ್ಮದೇ ಹೊಲದ ಬದುವಿನ ಮೇಲೆ ಎದುರುಬದುರು ನಿಲ್ಲಬೇಕು, ಉಂಡು ಮುಗಿಸುವವರೆಗೆ ಕಾಯಬೇಕು. ಮೊದಮೊದಲು ಬೆನ್ನು ತಿರುಗಿಸಿ ನಿಲ್ಲುತ್ತಿದ್ದರು. ಒಂದು ದಿನ ಅಣ್ಣ ಕೇಳಿದನಂತೆ: “ಇವತ್ತು ನಿನ್ನ ಕ್ಯಾನಿನಾಗ ಏನೈತಿ?”

“ಹುಂಜ. ಕಡೇದು.”

“ಯಾವುದು, ಆ ಕೆಂಪಂದೇನು? ಛೆ, ಅದು ಬೆಳಗಾಗೆದ್ದು ನಮ್ಮ ಮನಿ ಮಾಳಿಗಿ ಏರಿ ಕೂಗ್ತಿತ್ತಲ್ಲೋ.”

ಸಲಿಕೆಯ ಏಟಾದ ಮೇಲೆ ಅವರಿಬ್ಬರ ನಡುವೆ ಹುಟ್ಟಿದ ಮೊದಲ ಮಾತು ಆ ಹುಂಜದ ಬಗ್ಗೆ. ಸಂಕ್ರಾಂತಿಯ ಹೊತ್ತಿಗೆ ಇಬ್ಬರೂ ಒಂದೇ ತೆಂಗಿನಕಾಯಿ ಹಿಡಿದು ನಮ್ಮ ಮನೆಯ ಅಂಗಳಕ್ಕೆ ಬಂದರು. ತಮ್ಮನ ಕಿವಿಯ ಮೇಲ್ಭಾಗ ಸುರುಟಿಕೊಂಡು ಗಟ್ಟಿಯಾಗಿತ್ತು. ಬಾವಿ ಇಬ್ಬರದೂ, ಒಂದು ದಿನ ಆತ, ಒಂದು ದಿನ ಈತ, ಎಂದು ಒಪ್ಪಿಕೊಂಡಿದ್ದರು.

“ಭಾಳ ಸಂತೋಷ,” ಎಂದ ದೊಡ್ಡಪ್ಪ. “ಕಾಯಿ ಇಟ್ಟು ಹೋಗ್ರಿ. ಅಮಾಸಿ ಕಳೀಲಿ.”

ಅಮಾವಾಸ್ಯೆ ಕಳೆಯಿತು. ಮತ್ತೆ ಬಂದರು. “ನನ್ನ ಮನಸಿಗೆ ಇನ್ನೂ ಖಾತ್ರಿ ಆಗವಲ್ಲದು. ನಾ ಇವತ್ತು ಕಿತ್ತು ಬಂದ್ರ ನಾಳೆ ಮತ್ತ ಬಡಕೊಂತೀರಿ. ಸಿಟ್ಟು ಪೂರ್ತಿ ಆರಲಿ,” ಎಂದ ದೊಡ್ಡಪ್ಪ.

“ಆರೇತ್ರೀ ಸಾವ್ಕಾರ್ರ,” ಎಂದ ಅಣ್ಣ.

“ಅದನ್ನ ನಾ ಹೇಳಬೇಕು.”

ಮೂರನೆಯ ಸಲ ಅವರು ಬರುವಷ್ಟರಲ್ಲಿ ಮೊದಲು ತಂದಿದ್ದ ಕಾಯಿ ನಮ್ಮ ಮನೆಯಲ್ಲಿ ಚಟ್ನಿಯಾಗಿತ್ತು; ಉತ್ತರ ಮಾತ್ರ ಅದೇ. ಅಷ್ಟರಲ್ಲಿ ಅವರ ಬೇಸಗೆ ಬೆಳೆಯ ಬಿತ್ತನೆಯ ಹದ ತಪ್ಪಿತ್ತು. ತಮ್ಮ ಎಮ್ಮಿಗನೂರಿನ ಸಂತೆಯಲ್ಲಿ ಮೂಟೆ ಹೊರಲು ಹೋಗುತ್ತಿದ್ದ. ಹೊಲ ಕೈಗೆ ಬರದಿದ್ದರೆ ಊರು ಬಿಡುವುದೇ ಎಂದು ಆತನ ಮನೆಯಲ್ಲಿ ಮಾತು ನಡೆದಿತ್ತು. ನಾನು ಅಣ್ಣನನ್ನು ಹಾದಿಯಲ್ಲಿ ತಡೆದು ಕೇಳಿದೆ: “ಅಣ್ಣಾ, ಕೊಂಬಿ ಒಣಗಿ ಕಟ್ಟಿಗಿ ಆಗೈತಿ. ಅದರಾಗ ಏನೈತಿ?”

“ಕಟ್ಟಿಗಿ ಖರೇನ ಅವ್ವ. ಆದ್ರ ನೆಟ್ಟ ಕೈ ನಿಮ್ಮ ದೊಡ್ಡಪ್ಪಂದು. ನಾ ಕಿತ್ತು, ನಾಳೆ ನನ್ನ ಮಗಗ ಏನಾರ ಆದ್ರ?” ಎಂದ. ಗೇಟಿನವನ ಬಡಿಗೆಗಿಂತ ಆ ಒಣ ಕೊಂಬೆಗೆ ಆತ ಹೆಚ್ಚು ಹೆದರಿದ್ದ. ದೊಡ್ಡಪ್ಪನಿಗೆ ಅದು ಗೊತ್ತಿತ್ತು.

ತಮ್ಮನ ಹೆಂಡತಿ, ಆ ಗೋನೆಗಂಡ್ಲದವಳಿಗೆ ಮಾತ್ರ ಆ ಭಯ ಇರಲಿಲ್ಲ. ಅವಳ ತವರಿನಲ್ಲಿ ಇಂಥ ಪದ್ಧತಿಯೇ ಇಲ್ಲ.

ಅವತ್ತು ನಾನು ನಮ್ಮ ಶೇಂಗಾ ಹೊಲದಲ್ಲಿ ಕಳೆ ತೆಗೆಯುವವರಿಗೆ ಬುತ್ತಿ ತಂದಿದ್ದೆ. ನೆತ್ತಿಯ ಮೇಲೆ ಬಿಸಿಲು. ಅವಳು ಸಾರಿನ ಕ್ಯಾನು ಹಿಡಿದು ಬದುವಿನ ಮೇಲೆ ಬಂದಳು, ಹಿಂದೆ ಗಂಡ. ಬದುವಿನ ಮೇಲೆ ನಿಲ್ಲದೆ ನೇರ ಹೊಲದೊಳಗೆ ನಡೆದಳು. ಶೆಡ್ಡಿನ ನೆರಳಲ್ಲಿ ಕೂತಿದ್ದ ಗೇಟಿನವನು, “ಏಯ್, ಎಲ್ಲಿ? ಅಲ್ಲೇ ಇಡು,” ಎಂದ. ಅವಳು ಕ್ಯಾನನ್ನು ಅವನ ಮುಂದೆಯೇ ಬೋರಲು ಹಾಕಿದಳು. ಸಾರು ಮಣ್ಣಿಗೆ ಇಳಿಯಿತು. ಬಾವಿಯ ಪಕ್ಕ ಹೋಗಿ ಎರಡೂ ಕೈಯಿಂದ ಕೊಂಬೆ ಕಿತ್ತಳು.

“ಉತ್ತ ಕೊಮ್ಮೇ ಗದಾ,” ಎಂದಳು ತೆಲುಗಿನಲ್ಲಿ. ಬರೀ ಕೊಂಬೆ ತಾನೆ, ಎಂದು. ಬಾವಿಗೆ ಎಸೆದಳು.

ಗೇಟಿನವನು ಅವಳ ಜಡೆ ಹಿಡಿದು ಎಳೆದು ಕೆನ್ನೆಗೆ ಹೊಡೆದ. ಅವಳು ಅವನ ಮುಖಕ್ಕೆ ಉಗಿದಳು. ಆಗ ಬಡಿಗೆ ಎತ್ತಿದ. ತಲೆ ಕಾಯಲು ಅವಳು ಕೈ ಅಡ್ಡ ಹಿಡಿದಳು. ಮೂಳೆ ಮುರಿದ ಸದ್ದು ನಾನು ನಿಂತಲ್ಲಿಗೆ ಕೇಳಿಸಿತು. ಒಣ ಜೋಳದ ದಂಟನ್ನು ಕಾಲಿನಿಂದ ಮುರಿದಂತೆ, ಅಷ್ಟೇ ಸಣ್ಣ ಸದ್ದು. ಗಂಡ ಓಡಿ ಬಂದ. ಅವನ ಮೊಣಕಾಲಿಗೆ ಇನ್ನೊಬ್ಬನ ಬಡಿಗೆ ಬಿತ್ತು. ಬಿದ್ದವನ ಮೇಲೆ ಮತ್ತಿಬ್ಬರು ಬಡಿದರು, ಶೇಂಗಾ ಬಡಿದ ಹಾಗೆ, ಸರದಿಯಲ್ಲಿ, ಒಬ್ಬರ ಬಡಿಗೆ ಇನ್ನೊಬ್ಬರಿಗೆ ತಾಗದಂತೆ. ಅದು ಸಿಟ್ಟಲ್ಲ. ಅದು ಅವರಿಗೆ ಗೊತ್ತಿದ್ದ ಕೆಲಸ.

ನಾನು ಕೂಗಿದೆ. ಸಭೆಗಳನ್ನು ಸುಮ್ಮನಾಗಿಸಿದ ಗಂಟಲು ನನ್ನದು. “ಬಿಡ್ರಲೇ! ನಮ್ಮ ದೊಡ್ಡಪ್ಪಗ ಹೇಳ್ತೀನಿ!” ಎಂದೆ. ಒಬ್ಬ ತಿರುಗಿ ನೋಡಿದ. “ಅವರೇ ಹೇಳ್ಯಾರವ್ವ,” ಎಂದು ಮತ್ತೆ ಬಡಿಗೆ ಎತ್ತಿದ.

ಕೂಗು ಕೇಳಿ ಆ ಕಡೆಯಿಂದ ಅಣ್ಣ ಬಂದ. ಕೈಯಲ್ಲಿ ಸಲಿಕೆ. ತಮ್ಮನ ಮೇಲೆ ಬೀಸಿದ್ದ ಸಲಿಕೆಯೇ ಇರಬೇಕು. ಗೇಟಿನವನ ಬೆನ್ನಿಗೆ ಹಾಕಿದ. ಅವನು ಮುಗ್ಗರಿಸಿದ; ಅಷ್ಟರಲ್ಲಿ ಶೆಡ್ಡಿನಿಂದ ಮಚ್ಚು ಹಿಡಿದು ಇನ್ನೊಬ್ಬ ಓಡಿ ಬಂದ. ಅಣ್ಣ ಸಲಿಕೆಯ ಮರದ ಕಾವು ಅಡ್ಡ ಹಿಡಿದ. ಮಚ್ಚು ಕಾವಿನ ಮೇಲಿಂದ ಜಾರಿ ಬಲಗೈಯ ಬೆರಳುಗಳ ಮೇಲೆ ಇಳಿಯಿತು. ಆತ ತಮ್ಮನ ಮೇಲೆ ಅಡ್ಡ ಬಿದ್ದು, ಹರಿದ ಕಿವಿಯ ಆ ತಲೆಯನ್ನು ಎದೆಯ ಕೆಳಗೆ ಮುಚ್ಚಿಕೊಂಡ. ಬಡಿಗೆಗಳು ಈಗ ಆತನ ಬೆನ್ನಿನ ಮೇಲೆ ಬಿದ್ದವು.

ಕಳೆ ತೆಗೆಯುತ್ತಿದ್ದ ಹೆಂಗಸರು ಕುಡುಗೋಲು ಹಿಡಿದು ಬಾಯಿ ಬಡಿದುಕೊಂಡು ಓಡಿ ಬಂದ ಮೇಲೆ ಬಡಿಗೆಗಳು ನಿಂತವು. ಬುತ್ತಿ ಕಟ್ಟಿದ್ದ ಬಟ್ಟೆ ಬಿಚ್ಚಿ ಅಣ್ಣನ ಕೈಗೆ ಸುತ್ತಿದೆ. ಬಟ್ಟೆ ನೆನೆಯಿತು. ಒಬ್ಬಾಕೆ ಸೆರಗು ಹರಿದು ಕೊಟ್ಟಳು, ಅದೂ ನೆನೆಯಿತು. ಶೇಂಗಾ ಸಾಗಿಸುವ ಟೆಂಪೋ ಒಂದು ಸಿಕ್ಕಿತು. ಆದೋನಿಯ ಆಸ್ಪತ್ರೆಯವರೆಗೂ ಗೋನೆಗಂಡ್ಲದವಳು ಮುರಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಗಂಡನ ಮುಖದ ಮೇಲಿನ ನೊಣ ಓಡಿಸುತ್ತಿದ್ದಳು.

“ನಾ ತಪ್ಪು ಮಾಡಿದೆನೇನು?” ಎಂದು ಒಮ್ಮೆ ಕೇಳಿದಳು, ಯಾರನ್ನೆಂದು ಇಲ್ಲದೆ.

ಪ್ರಜ್ಞೆ ತಪ್ಪುತ್ತಿದ್ದ ಅಣ್ಣನೇ ಉತ್ತರಿಸಿದ. “ಕಚ್ಚಿದ್ದು ತಪ್ಪು. ಕಿತ್ತಿದ್ದಲ್ಲ.”

ಆಸ್ಪತ್ರೆಯಲ್ಲಿ ಕಾನ್‌ಸ್ಟೇಬಲ್ ಒಬ್ಬ ಬಂದು ಯಾರು ನೋಡಿದವರು ಎಂದು ಕೇಳಿದ. ನಾನು ಎಂದೆ. ನೋಡಿದ್ದನ್ನು ನೋಡಿದ ಕ್ರಮದಲ್ಲೇ ತೆಲುಗಿನಲ್ಲಿ ಹೇಳಿದೆ. ಆತ ಬರೆಯುತ್ತ ಬರೆಯುತ್ತ ತಲೆಯೆತ್ತಿ, ನಿಮ್ಮ ದೊಡ್ಡಪ್ಪನ ಮೇಲೆಯೇ ಹೇಳುತ್ತಿದ್ದೀಯೇನಮ್ಮ, ಎಂದ. ನಾನು ನೋಡಿದ್ದನ್ನು ಹೇಳುತ್ತಿದ್ದೇನೆ, ಅದರ ಕೆಳಗೆ ಯಾರಿದ್ದಾರೋ ಅವರ ಮೇಲೆ ಬೀಳುತ್ತದೆ, ಎಂದೆ.

ಸಂಜೆಗೆ ದೊಡ್ಡಪ್ಪ ಬಂದ. ವಿಭೂತಿ, ಇಸ್ತ್ರಿ ಮಾಡಿದ ಅಂಗಿ, ಹಿಂದೆ ಎಳನೀರಿನ ಗೊಂಚಲು ಹೊತ್ತ ಮಿಲ್ಲಿನ ಆಳು. ಬಾಗಿಲಲ್ಲಿ ಊರಿನ ಕೆಲವರು ಸುತ್ತುವರಿದರು. “ಏನ್ ಮಾಡೋದಪ್ಪ, ಅಣ್ಣತಮ್ಮಂದಿರು ಮತ್ತ ಬಡಕೊಂಡ್ರು,” ಎಂದು ಆತ ಅವರಿಗೆ ಹೇಳುವುದು ಕೇಳಿಸಿತು. “ನಮ್ಮ ಮಂದಿ ಬಿಡಿಸಾಕ ಹೋಗಿ ಅವರೂ ಏಟು ತಿಂದಾರ.” ಊರಿನವರು ತಲೆಯಾಡಿಸಿದರು. ಮುಂದೆ ಹೇಳಲು ಸುಲಭವಾಗುವ ಕಥೆ ಅದು; ಅವರು ಅಲ್ಲಿಯೇ ಅದನ್ನು ಬಾಯಿಪಾಠ ಮಾಡಿಕೊಳ್ಳುತ್ತಿದ್ದರು.

ಒಳಗೆ ತಮ್ಮನ ಎರಡೂ ಕಾಲು ಪಟ್ಟಿಯಲ್ಲಿದ್ದವು. ಪಕ್ಕದ ಮಂಚದ ಅಂಚಿಗೆ ಕೂತ ಅಣ್ಣ, ಬಲಗೈ ದೊಡ್ಡ ಬಿಳಿ ಗಂಟಾಗಿ ಕತ್ತಿನಿಂದ ಜೋತಿರುವಾಗ, ಎಡಗೈಯಿಂದ ತಮ್ಮನ ಬಾಯಿಗೆ ನೀರು ಹಿಡಿದಿದ್ದ. ಅರ್ಧ ನೀರು ಗದ್ದಕ್ಕೆ ಹೋಗುತ್ತಿತ್ತು. “ಎಡಗೈಲಿ ಕುಡಿಸ್ತೀಯಲ್ಲೋ,” ಎಂದು ತಮ್ಮ ಗೊಣಗಿದ. “ಇರೋದು ಅದೊಂದ. ಕುಡಿಯೋ ಸುಮ್ನ,” ಎಂದ ಅಣ್ಣ. ಗೋನೆಗಂಡ್ಲದವಳು ಬೆಂಚಿನ ಮೇಲೆ ಕೂತಿದ್ದಳು. ದೊಡ್ಡಪ್ಪನನ್ನು ಕಂಡು ಏಳಲಿಲ್ಲ.

ಆತ ಎಳನೀರನ್ನು ಮಂಚದ ಕೆಳಗೆ ಇಡಿಸಿದ. ಆಸ್ಪತ್ರೆಯ ಖರ್ಚಿನ ಚಿಂತೆ ಬೇಡ ಎಂದ. ಬಹಳ ಮೃದುವಾಗಿ, ನಿಜವಾಗಿಯೂ ನೊಂದವನಂತೆ ಮಾತಾಡಿದ. ನೊಂದಿರಲೂಬಹುದು, ಆತನ ಮನಸ್ಸಿನ ಒಳಗೆ ಹೋಗಿ ನಾನು ಸಾಕ್ಷಿ ಹೇಳಲಾರೆ.

“ನೀವು ಸುಧಾರಿಸ್ಕೊಳ್ರಿ. ಹೊಲದ ಕಡೆ ನೋಡಬ್ಯಾಡ್ರಿ,” ಎಂದ. “ಹೊಸ ಕೊಂಬಿ ನೆಟ್ಟು ಬಂದೀನಿ. ಇನ್ನ ನಾಲ್ಕು ಮಂದೀನ ಹೆಚ್ಚಿಗಿ ಕುಂದ್ರಿಸೀನಿ. ಕಾಯಬೇಕಲ್ಲ.”

ಅಣ್ಣ ಲೋಟ ಕೆಳಗಿಟ್ಟ. ತಮ್ಮ ಛಾವಣಿ ನೋಡುತ್ತಿದ್ದ. ದೊಡ್ಡಪ್ಪ ಕೈ ಮುಗಿದು ಹೊರಡಲು ತಿರುಗಿದ. ನಾನು ಬಾಗಿಲಿಗೆ ಅಡ್ಡ ನಿಂತೆ.

“ಏನವ್ವ, ಮತ್ತ ಭಾಷಣ ಐತೇನು?” ಎಂದ.

“ಇಲ್ಲ ದೊಡ್ಡಪ್ಪ, ಒಂದ ಪ್ರಶ್ನಿ. ಅಣ್ಣತಮ್ಮ ಇಬ್ರೂ ಇಲ್ಲೇ ಅದಾರ, ಒಂದ ಲೋಟದಾಗ ನೀರು ಕುಡಿಯಾಕ ಹತ್ಯಾರ. ಇನ್ನ ನಿಮ್ಮ ಮಂದಿ ಆ ಹೊಲದಾಗ ಕುಂತು ಯಾರನ್ನ ಯಾರಿಂದ ಕಾಯ್ತಾರ?”